ಹಿಟ್ಲರ್ ಕಟ್ಟದ ರಸ್ತೆ

ನಮ್ಮ ಊರಿನ ಬಸ್ ನಿಲ್ದಾಣದ ಎದುರು ಒಂದು ಚಹಾದಂಗಡಿ ಇದೆ. ಮಳೆಗಾಲದಲ್ಲಿ ಬಸ್ಸು ತಡವಾದಷ್ಟೂ ಅಲ್ಲಿ ರಾಜಕೀಯ ಬಿಸಿಯೇರುತ್ತದೆ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ರಸ್ತೆಯ ಹೊಂಡಗಳಿಂದ ಶುರುವಾದ ಮಾತು ಗುತ್ತಿಗೆದಾರ, ಶಾಸಕ, ಮಂತ್ರಿ ಎಲ್ಲರನ್ನೂ ದಾಟಿ ಕೊನೆಗೆ ಜರ್ಮನಿಗೆ ಹೋಗಿ ನಿಂತಿತು. ನಿವೃತ್ತ ಮೇಷ್ಟ್ರೊಬ್ಬರು, ಒಳ್ಳೆಯ ಮನುಷ್ಯರು, ನಮ್ಮ ಕಥೆಗಳನ್ನು ಓದಿ ಬೆನ್ನು ತಟ್ಟಿದವರು, ಲೋಟ ಕೆಳಗಿಟ್ಟು ಹೇಳಿದರು: "ಏನೇ ಹೇಳಿ ಸಾಬ್ರೆ, ಹಿಟ್ಲರ್ ಕೊಲೆಗಡುಕ, ಒಪ್ಪಿದೆ. ಆದರೆ ರಸ್ತೆ ಮಾಡಿದ ನೋಡಿ! ಇವತ್ತಿಗೂ ಜರ್ಮನಿಯವರು ಅವನು ಮಾಡಿದ ರಸ್ತೆಯಲ್ಲೇ ಓಡಾಡ್ತಾರೆ. ನಮಗೂ ಅಂಥವನೊಬ್ಬ ಬೇಕು."

ಸುತ್ತಲಿದ್ದವರು ತಲೆದೂಗಿದರು. ನಾವು ಮರುಮಾತಾಡಲಿಲ್ಲ. ಅದು ಸೌಜನ್ಯದ ಮೌನವಾಗಿರಲಿಲ್ಲ. ಆ ಮಾತಿಗೆ ಏನು ಉತ್ತರ ಕೊಡಬೇಕೆಂದು ನಮಗೇ ಗೊತ್ತಿರಲಿಲ್ಲ. ಉರ್ದು ಶಾಲೆಯಲ್ಲಿ ಉಸ್ತಾದರು ನಮಗೆ ಹೇಳಿಕೊಟ್ಟದ್ದೂ ಅದನ್ನೇ. ಮುಂದೆ ಕನ್ನಡ ಹೈಸ್ಕೂಲಿನಲ್ಲಿ ಕೇಳಿದ್ದೂ ಅದನ್ನೇ. ಹಿಟ್ಲರ್ ಕೆಟ್ಟವನು, ಆದರೆ ಆಟೋಬಾನ್ ಎಂಬ ಹೆದ್ದಾರಿ ಅವನ ಕೊಡುಗೆ. ಎರಡು ಭಾಷೆಗಳಲ್ಲಿ ಕಲಿತದ್ದು ಸುಳ್ಳಾಗಿರಲಾರದು ಎಂದು ನಾವು ನಂಬಿಕೊಂಡಿದ್ದೆವು. ಬಸ್ಸು ಬಂತು, ಹತ್ತಿದೆವು. ಮನಸ್ಸಿಗೆ ಮಾತ್ರ ಸಮಾಧಾನವಾಗಲಿಲ್ಲ. ಆಮೇಲೆ ಹುಡುಕಿ ಓದಿದೆವು. ಓದಿದಾಗ ತಿಳಿದದ್ದು: ನಾವು ಎರಡು ಭಾಷೆಗಳಲ್ಲಿ ಕಲಿತದ್ದು ಒಂದೇ ಸುಳ್ಳು. ಉರ್ದುವಿನಲ್ಲಿ ಇಂಥದ್ದಕ್ಕೆ 'ಸಫೇದ್ ಝೂಟ್' ಎನ್ನುತ್ತಾರೆ, ಬಿಳಿಯ ಸುಳ್ಳು. ಹಾಡಹಗಲೇ ಎಲ್ಲರ ಕಣ್ಣೆದುರು ನಿಲ್ಲಿಸಿದ ಸುಳ್ಳು ಎಂದು ಅದರ ಅರ್ಥ.

ಜರ್ಮನಿಯ ಪಶ್ಚಿಮದಲ್ಲಿ ರೈನ್ ನದಿಯ ಎಡದಂಡೆಯಲ್ಲಿ ಎರಡು ನಗರಗಳಿವೆ. ಒಂದು ಕೊಲೋನ್, ಇನ್ನೊಂದು ಬಾನ್. ಇವೆರಡರ ನಡುವೆ ಸುಮಾರು 20 ಕಿಲೋಮೀಟರ್ ಉದ್ದದ ಒಂದು ಹೆದ್ದಾರಿ ಇದೆ. ಇಂದು ಅದರ ಹೆಸರು ಎ 555. ಕೊಲೋನಿನ ದಕ್ಷಿಣದಲ್ಲಿ ಒಂದು ದೊಡ್ಡ ವೃತ್ತದಿಂದ ಅದು ಹೊರಡುತ್ತದೆ. ಎ 4 ಹೆದ್ದಾರಿಯನ್ನು ಹಾಯ್ದು, ಗೋಡೋರ್ಫ್ ಮತ್ತು ವೆಸ್ಸೆಲಿಂಗ್‌ನ ತೈಲ ಶುದ್ಧೀಕರಣ ಘಟಕಗಳ ಕೊಳವೆ, ಚಿಮಣಿಗಳ ಪಕ್ಕದಲ್ಲಿ ಸಾಗಿ, ಬೋರ್ನ್‌ಹೈಮಿನ ತರಕಾರಿ ಹೊಲಗಳನ್ನು ದಾಟಿ, ಬಾನ್ ನಗರದ ಉತ್ತರದ ಇನ್ನೊಂದು ವೃತ್ತದಲ್ಲಿ ಮುಗಿಯುತ್ತದೆ. ಬಯಲು ನೆಲ, ಬೆಟ್ಟ ಕಣಿವೆಗಳ ಚೆಲುವಿಲ್ಲ, ದೊಡ್ಡ ಸೇತುವೆಯಿಲ್ಲ. ಕಾಲು ಗಂಟೆಯಲ್ಲಿ ಮುಗಿದುಹೋಗುವ ದಾರಿ. ಆದರೆ ನಮ್ಮ ಮೇಷ್ಟ್ರ ಮಾತಿಗೆ ಉತ್ತರ ಇರುವುದು ಈ ಇಪ್ಪತ್ತು ಕಿಲೋಮೀಟರಿನಲ್ಲಿಯೇ.

ಈ ರಸ್ತೆಯ ಕೆಲಸ ಆರಂಭವಾದದ್ದು 1929ರಲ್ಲಿ. ಸಂಚಾರಕ್ಕೆ ತೆರೆದದ್ದು 1932ರ ಆಗಸ್ಟ್ 6ರಂದು. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿ 30ರಂದು. ಈ ಮೂರು ದಿನಾಂಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಸಾಕು, ಅರ್ಧ ಸುಳ್ಳು ಅಲ್ಲಿಗೇ ಕಳಚಿ ಬೀಳುತ್ತದೆ.

ರಸ್ತೆಯ ಹಿಂದೆ ನಿಂತು ಒತ್ತಾಯಿಸಿದವರು ಕೊಲೋನ್ ನಗರದ ಮೇಯರ್ ಕೊನ್ರಾಡ್ ಅಡೆನಾವರ್. ಕಟ್ಟಿಸಿದ್ದು ರೈನ್ ಪ್ರಾಂತದ ಆಡಳಿತ. ಕೊಲೋನ್ ಮತ್ತು ಬಾನ್ ನಡುವಿನ ಹಳೆಯ ರಸ್ತೆಯಲ್ಲಿ ಗಾಡಿ, ಸೈಕಲ್ಲು, ಲಾರಿ, ಕಾರು ಎಲ್ಲ ಒಟ್ಟಿಗೇ ನುಗ್ಗಿ ಸಾಗುವುದೇ ಕಷ್ಟವಾಗಿತ್ತು. ಅದು ಲೋಕವೆಲ್ಲ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಕಾಲ. ಜರ್ಮನಿಯಲ್ಲಿ ಲಕ್ಷಗಟ್ಟಲೆ ಜನ ಕೆಲಸವಿಲ್ಲದೆ ಬೀದಿಯಲ್ಲಿದ್ದರು. ಆದ್ದರಿಂದ ಯಂತ್ರಗಳಿಂದ ಮಾಡಬಹುದಾಗಿದ್ದ ಕೆಲಸವನ್ನೂ ಬೇಕೆಂದೇ ಗುದ್ದಲಿ ಸಲಿಕೆ ಕೊಟ್ಟು ಜನರ ಕೈಯಿಂದ ಮಾಡಿಸಿದರು. ಐದು ಸಾವಿರಕ್ಕೂ ಹೆಚ್ಚು ಮಂದಿಗೆ ಇದರಿಂದ ಕೂಲಿ ಸಿಕ್ಕಿತು. ರಸ್ತೆ 12 ಮೀಟರ್ ಅಗಲ, ನಾಲ್ಕು ಪಥ. ಅಡ್ಡರಸ್ತೆಗಳಿಲ್ಲ, ಗಾಡಿಗೆ, ಸೈಕಲ್ಲಿಗೆ, ಪಾದಚಾರಿಗಳಿಗೆ ಪ್ರವೇಶವಿಲ್ಲ. ಉದ್ಘಾಟನೆಯ ದಿನ ಅಡೆನಾವರ್ ಅವರು ಮುಂದಿನ ಕಾಲದ ರಸ್ತೆಗಳು ಹೀಗೆಯೇ ಇರುತ್ತವೆ ಎಂಬ ಅರ್ಥದ ಮಾತಾಡಿದರು. ಅವರ ಮಾತು ನಿಜವಾಯಿತು. ಆದರೆ ಆ ಮಾತಿನ ಫಲ ಬೇರೆಯವನ ಹೆಸರಿಗೆ ಬರೆಯಲ್ಪಟ್ಟಿತು.

ಹಾಗೆಂದು ಇಡೀ ಕಲ್ಪನೆ ಅಡೆನಾವರ್ ಒಬ್ಬರದೇ ಎಂದು ಹೇಳಿದರೆ ನಾವೂ ಅದೇ ತಪ್ಪು ಮಾಡಿದಂತಾಗುತ್ತದೆ. ಮೋಟಾರು ವಾಹನಗಳಿಗೆಂದೇ ಮೀಸಲಾದ ರಸ್ತೆಯ ಕನಸು ಹಲವರದು. ಬರ್ಲಿನ್ನಿನಲ್ಲಿ ಆವುಸ್ ಎಂಬ ರಸ್ತೆಯ ಕೆಲಸ 1913ರಲ್ಲೇ ಶುರುವಾಗಿ, ಮೊದಲ ಮಹಾಯುದ್ಧದಿಂದ ನಿಂತು, 1921ರಲ್ಲಿ ತೆರೆಯಿತು. ಅದು ಓಟದ ಸ್ಪರ್ಧೆಗೂ ಬಳಕೆಯಾಗುತ್ತಿದ್ದ, ಸುಂಕ ಕೊಟ್ಟು ಓಡಾಡುವ ರಸ್ತೆ. ಇಟಲಿಯಲ್ಲಿ ಪಿಯೆರೊ ಪುರಿಚೆಲ್ಲಿ ಎಂಬ ಎಂಜಿನಿಯರ್ ಮಿಲಾನ್ ನಗರದಿಂದ ಸರೋವರಗಳ ಸೀಮೆಗೆ 1924ರಲ್ಲಿ ಮೋಟಾರು ರಸ್ತೆ ತೆರೆದಿದ್ದರು. 1926ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹಾಫ್ರಾಬಾ ಎಂಬ ಸಂಘ ಹುಟ್ಟಿತು. ಉತ್ತರದ ಹ್ಯಾಂಬರ್ಗ್ ಮೊದಲಾದ ಬಂದರು ನಗರಗಳಿಂದ ಫ್ರಾಂಕ್‌ಫರ್ಟ್ ಮೂಲಕ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ಹೆದ್ದಾರಿ ಮಾಡಬೇಕೆಂಬುದು ಅದರ ಉದ್ದೇಶ. ನಕ್ಷೆ ಬರೆದರು, ಲೆಕ್ಕ ಹಾಕಿದರು, ಪತ್ರಿಕೆ ನಡೆಸಿದರು. ರೈಲುದಾರಿಗೆ ಜರ್ಮನ್ ಭಾಷೆಯಲ್ಲಿ 'ಐಸೆನ್‌ಬಾನ್' ಎನ್ನುವಂತೆ ಕಾರಿನ ದಾರಿಗೆ 'ಆಟೋಬಾನ್' ಎಂಬ ಹೆಸರು ಬಂದದ್ದೂ 1920ರ ದಶಕದ ಕೊನೆಯಲ್ಲಿ ಈ ಸಂಘದ ರಾಬರ್ಟ್ ಓಟ್ಸೆನ್ ಅವರಿಂದ. ಅಂದರೆ ಹಿಟ್ಲರ್ ಗದ್ದುಗೆ ಏರುವ ಮೊದಲೇ ಕಲ್ಪನೆ ಇತ್ತು, ನಕ್ಷೆ ಇತ್ತು, ಹೆಸರಿತ್ತು, ಇಪ್ಪತ್ತು ಕಿಲೋಮೀಟರ್ ರಸ್ತೆಯೂ ಇತ್ತು.

ಇನ್ನೊಂದು ಸಂಗತಿ ಹೇಳಿದರೆ ಮೇಷ್ಟ್ರು ನಂಬಲಾರರು. ಹಾಫ್ರಾಬಾ ಯೋಜನೆ ಜರ್ಮನಿಯ ಸಂಸತ್ತಿನ ಮುಂದೆ ಬಂದಾಗ ಅದನ್ನು ವಿರೋಧಿಸಿದವರಲ್ಲಿ ನಾತ್ಸಿಗಳೂ ಇದ್ದರು. ಇದು ಹಣವಂತರ ಷೋಕಿಯ ರಸ್ತೆ, ಬಡವನಿಗೆ ಇದರಿಂದ ಏನು ಪ್ರಯೋಜನ ಎಂಬುದು ಅವರ ವಾದವಾಗಿತ್ತು. ಅಧಿಕಾರ ಸಿಕ್ಕಿದ ಮೇಲೆ ಅದೇ ನಕ್ಷೆಗಳು ಅವರ ಕಣ್ಣಿಗೆ ರಾಷ್ಟ್ರನಾಯಕನ ದಿವ್ಯದೃಷ್ಟಿಯಾಗಿ ಕಂಡವು. ವಿರೋಧ ಪಕ್ಷದಲ್ಲಿದ್ದಾಗ ಬೈದದ್ದನ್ನು ಗದ್ದುಗೆಯಲ್ಲಿ ಕೂತು ಉದ್ಘಾಟಿಸುವುದು ಲೋಕದಲ್ಲಿ ಹೊಸದೇನಲ್ಲ, ಇರಲಿ. ಆದರೆ ನಾತ್ಸಿಗಳು ಅಷ್ಟಕ್ಕೇ ನಿಲ್ಲಲಿಲ್ಲ.

ಅವರ ದಾರಿಗೆ ಒಂದು ಅಡ್ಡಿ ಇತ್ತು. ಕೊಲೋನ್–ಬಾನ್ ರಸ್ತೆ ಕಣ್ಣೆದುರೇ ಬಿದ್ದುಕೊಂಡಿತ್ತು. ಅದರ ಮೇಲೆ ಕಾರುಗಳು ಓಡುತ್ತಿದ್ದವು. ರಸ್ತೆಯನ್ನು ಅಳಿಸಲು ಬರುವುದಿಲ್ಲವಲ್ಲ? ಅದಕ್ಕೆ ಅವರು ಅದರ ಹೆಸರನ್ನು ಅಳಿಸಿದರು. ಕಾಗದಪತ್ರಗಳಲ್ಲಿ ಅದನ್ನು ಸಾಧಾರಣ ಪ್ರಾಂತೀಯ ರಸ್ತೆಯ ದರ್ಜೆಗೆ ಇಳಿಸಿದರು. ಹೀಗೆ ಮಾಡಿದಾಗ ದೇಶದಲ್ಲಿ 'ಆಟೋಬಾನ್' ಎಂಬುದು ಒಂದೂ ಇಲ್ಲವೆಂದಾಯಿತು; ಮೊದಲನೆಯದನ್ನು ತಾವೇ ಕಟ್ಟಬಹುದೆಂದಾಯಿತು. ರಸ್ತೆಯ ದರ್ಜೆ ಇಳಿಯಿತು, ರಸ್ತೆ ಮಾಡಿಸಿದವರ ಕುರ್ಚಿಯೂ ಹೋಯಿತು. 1933ರ ಮಾರ್ಚ್‌ನಲ್ಲಿ ಅಡೆನಾವರ್ ಅವರನ್ನು ಮೇಯರ್ ಪದವಿಯಿಂದ ಕಿತ್ತುಹಾಕಿದರು.

ಅದೇ ವರ್ಷ ಸೆಪ್ಟೆಂಬರ್ 23ರಂದು ಫ್ರಾಂಕ್‌ಫರ್ಟಿನಲ್ಲಿ ಹಿಟ್ಲರ್ ಸಲಿಕೆ ಹಿಡಿದು ಮಣ್ಣು ಹಾಕಿದ. ಸುತ್ತಲೂ ಕ್ಯಾಮೆರಾಗಳಿದ್ದವು. ಆ ಚಿತ್ರ ಊರೂರಿಗೆ ಹೋಯಿತು. ಕೆಲಸ ಶುರುವಾದದ್ದು ಹಾಫ್ರಾಬಾ ಗುರುತು ಹಾಕಿಟ್ಟಿದ್ದ ದಾರಿಯಲ್ಲಿ. 1935ರ ಮೇ 19ರಂದು ಫ್ರಾಂಕ್‌ಫರ್ಟಿನಿಂದ ಡಾರ್ಮ್‌ಸ್ಟಾಟ್‌ವರೆಗಿನ ತುಣುಕನ್ನು ತೆರೆದು, ಇಗೋ ಮೊದಲ ಆಟೋಬಾನ್ ಎಂದು ಡಂಗುರ ಸಾರಿದರು. ಅಷ್ಟು ಹೊತ್ತಿಗೆ ಕೊಲೋನ್–ಬಾನ್ ರಸ್ತೆಗೆ ಮೂರು ವರ್ಷ ತುಂಬುತ್ತಾ ಬಂದಿತ್ತು.

ಇಲ್ಲಿ ನ್ಯಾಯವಾಗಿ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ನಾತ್ಸಿಗಳು ರಸ್ತೆಯನ್ನೇ ಮಾಡಲಿಲ್ಲ ಎಂದು ನಾವು ಹೇಳುತ್ತಿಲ್ಲ. ಮಾಡಿದರು. ಯುದ್ಧದ ನಡುವೆ ಕೆಲಸ ನಿಲ್ಲುವ ಹೊತ್ತಿಗೆ ಸುಮಾರು 3,800 ಕಿಲೋಮೀಟರ್ ಮುಗಿದಿತ್ತು. ಎರಡು ದಿಕ್ಕಿನ ಪಥಗಳ ನಡುವೆ ಪಟ್ಟಿ ಬಿಟ್ಟು ಕಟ್ಟಿದ ಆ ರಸ್ತೆಗಳು ಕೊಲೋನ್–ಬಾನ್ ರಸ್ತೆಗಿಂತ ಸುರಕ್ಷಿತವೂ ಆಗಿದ್ದವು. ಎಂಜಿನಿಯರುಗಳು ಸಮರ್ಥರಿದ್ದರು. ಪ್ರಶ್ನೆ ಇರುವುದು ಬೇರೆ ಕಡೆ. ಆ ರಸ್ತೆ ಯಾರಿಗೆ ಅನ್ನ ಕೊಟ್ಟಿತು? ಅದರ ಮೇಲೆ ಯಾರು ಓಡಾಡಿದರು? ಯಾರು ಅದರ ಕೆಳಗೆ ಹೂತುಹೋದರು?

ಅನ್ನದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಹಿಟ್ಲರ್ ರಸ್ತೆ ಕಟ್ಟಿ ನಿರುದ್ಯೋಗ ನೀಗಿಸಿದ ಎಂಬುದು ಈ ಕಥೆಯ ಎರಡನೆಯ ಅಧ್ಯಾಯ. 1933ರ ಆರಂಭದಲ್ಲಿ ಜರ್ಮನಿಯಲ್ಲಿ ಸುಮಾರು 60 ಲಕ್ಷ ನಿರುದ್ಯೋಗಿಗಳಿದ್ದರು. ರಸ್ತೆ ಯೋಜನೆಯ ಮುಖ್ಯಸ್ಥನಾಗಿದ್ದ ಫ್ರಿಟ್ಸ್ ಟೋಟ್ 6 ಲಕ್ಷ ಜನಕ್ಕೆ ಕೆಲಸ ಕೊಡುವ ಮಾತಾಡಿದ್ದ. ಆ ವರ್ಷದ ಕೊನೆಗೆ ಆಟೋಬಾನ್ ಕೆಲಸದಲ್ಲಿದ್ದವರು ನಾಲ್ಕು ಸಾವಿರವೂ ಇರಲಿಲ್ಲ. ಕೆಲಸ ಅತಿ ಹೆಚ್ಚಾಗಿ ನಡೆದ 1936ರಲ್ಲಿ ನೇರವಾಗಿ ದುಡಿಯುತ್ತಿದ್ದವರು ಒಂದೂಕಾಲು ಲಕ್ಷದ ಆಸುಪಾಸು. 60 ಲಕ್ಷದ ಹಸಿವಿಗೆ ಒಂದೂಕಾಲು ಲಕ್ಷದ ಕೂಲಿ! ನಿರುದ್ಯೋಗ ಇಳಿದದ್ದು ನಿಜ. ಆದರೆ ಅದಕ್ಕೆ ಕಾರಣ ಆರ್ಥಿಕತೆ ಅಷ್ಟರಲ್ಲೇ ಚೇತರಿಸಿಕೊಳ್ಳತೊಡಗಿದ್ದು, ಆಮೇಲೆ ಶಸ್ತ್ರಾಸ್ತ್ರ ಕಾರ್ಖಾನೆಗಳು ಹಗಲಿರುಳು ನಡೆದದ್ದು, 1935ರಿಂದ ಯುವಕರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿದ್ದು. ಮದುವೆಯಾದ ಹೆಂಗಸರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ್ದೂ, ಯಹೂದಿಗಳನ್ನು ಹುದ್ದೆಗಳಿಂದ ಹೊರದಬ್ಬಿದ್ದೂ ಈ ಲೆಕ್ಕದೊಳಗೆ ಸೇರಿವೆ. ರಸ್ತೆಗೆ ಬೇಕಾದ ಹಣದ ದೊಡ್ಡ ಪಾಲು ಬಂದದ್ದು ನಿರುದ್ಯೋಗ ವಿಮೆಯ ನಿಧಿಯಿಂದ. ಕಾರ್ಮಿಕರು ಕಷ್ಟಕಾಲಕ್ಕೆಂದು ಕಟ್ಟಿದ ಹಣದಿಂದ ನಾಯಕನ ಹೆಸರಿನ ರಸ್ತೆ!

ಕೆಲಸ ಸಿಕ್ಕಿದವರ ಪಾಡು ಹೇಗಿತ್ತು? ಮನೆಯಿಂದ ದೂರ, ಬಯಲಿನ ಷೆಡ್ಡುಗಳಲ್ಲಿ ವಾಸ, ಬೆನ್ನು ಮುರಿಯುವ ಕೆಲಸ, ಕಡಿಮೆ ಕೂಲಿ. ಕಾರ್ಮಿಕ ಸಂಘಗಳನ್ನು 1933ರ ಮೇ ತಿಂಗಳಲ್ಲೇ ಮುಚ್ಚಿಸಿಯಾಗಿತ್ತು. 1934ರಲ್ಲಿ ಕೆಲವೆಡೆ ಕೂಲಿಗಳು ಕೆಲಸ ನಿಲ್ಲಿಸಿ ಪ್ರತಿಭಟಿಸಿದಾಗ ಮಾತುಕತೆಗೆ ಬರುವ ಮುಖಂಡರಿರಲಿಲ್ಲ, ಗುಪ್ತ ಪೊಲೀಸರಿದ್ದರು. ಕೊಲೋನ್–ಬಾನ್ ರಸ್ತೆಯ ಕೂಲಿಕಾರನಿಗೂ ಇವನಿಗೂ ಸಲಿಕೆ ಒಂದೇ, ಮಣ್ಣು ಒಂದೇ. ಆದರೆ ಮೊದಲನೆಯವನಿಗೆ ತನ್ನದೊಂದು ಸಂಘವಿತ್ತು, ಬೈಯುವ ಹಕ್ಕಿತ್ತು. ಎರಡನೆಯವನಿಗೆ ಇದ್ದದ್ದು ಸಲಿಕೆ ಮಾತ್ರ.

ಇನ್ನು ಆ ರಸ್ತೆಯ ಮೇಲೆ ಓಡಿದವರು ಯಾರು? ಆಗಿನ ಜರ್ಮನಿಯಲ್ಲಿ ಸಾಮಾನ್ಯ ಸಂಸಾರಕ್ಕೆ ಕಾರು ಎಂಬುದು ಕೈಗೆಟುಕದ ವಸ್ತು. ಹಾಗಾಗಿ 1938ರಲ್ಲಿ ಸರ್ಕಾರ ಒಂದು ಯೋಜನೆ ತಂದಿತು. ವಾರಕ್ಕೆ 5 ಮಾರ್ಕ್ ಕಟ್ಟಿ ಚೀಟಿ ಅಂಟಿಸುತ್ತಾ ಹೋದರೆ 990 ಮಾರ್ಕ್ ಬೆಲೆಯ 'ಜನರ ಕಾರು' ಸಿಗುತ್ತದೆ ಎಂದರು. ಸುಮಾರು 3 ಲಕ್ಷ 36 ಸಾವಿರ ಜನ ನಂಬಿ ಹಣ ಕಟ್ಟಿದರು. ಅವರಲ್ಲಿ ಒಬ್ಬನಿಗೂ ಕಾರು ಸಿಗಲಿಲ್ಲ. ಕಾರಿಗೆಂದು ಕಟ್ಟಿದ ಕಾರ್ಖಾನೆ ಯುದ್ಧ ಬಂದೊಡನೆ ಸೈನ್ಯದ ವಾಹನ ಮಾಡತೊಡಗಿತು. ಅಲ್ಲಿ ಪರದೇಶಗಳಿಂದ ಹಿಡಿದು ತಂದವರನ್ನು ಬಿಟ್ಟಿ ದುಡಿಸಿದರು. ಹಣ ಕಟ್ಟಿದವರು ಯುದ್ಧ ಮುಗಿದ ಮೇಲೆ ವರ್ಷಗಟ್ಟಲೆ ಕೋರ್ಟು ಅಲೆದು, 1961ರಲ್ಲಿ ಹೊಸ ಕಾರಿನ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಇಲ್ಲವೇ ಚಿಲ್ಲರೆ ಹಣ ಪಡೆದು ಸಮಾಧಾನಪಟ್ಟರು. ನಮ್ಮ ಊರುಗಳಲ್ಲಿ ಚೀಟಿ ಕಟ್ಟಿ ಮೋಸ ಹೋದವರಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. 1943ರಲ್ಲಂತೂ ಕಾರು, ಪೆಟ್ರೋಲು ಎರಡೂ ಇಲ್ಲದೆ ಬಿಕೋ ಎನ್ನುತ್ತಿದ್ದ ಆಟೋಬಾನ್ ಮೇಲೆ ಸೈಕಲ್ಲುಗಳಿಗೂ ಅನುಮತಿ ಕೊಟ್ಟರು. ಲೋಕವನ್ನೇ ಬೆರಗುಗೊಳಿಸಲು ಕಟ್ಟಿದ ಹೆದ್ದಾರಿ ಕೊನೆಗೆ ಸೈಕಲ್ ದಾರಿಯಾಯಿತು.

ಹಾಗಾದರೆ ಅದನ್ನು ಕಟ್ಟಿದ್ದೇಕೆ? ಟ್ಯಾಂಕು ಸಾಗಿಸಲು ಎಂದು ಕೆಲವರು ಹೇಳುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಹಿಟ್ಲರನ ಸೈನ್ಯ ಭಾರವಾದ ಸರಂಜಾಮನ್ನು ಹೆಚ್ಚಾಗಿ ಸಾಗಿಸಿದ್ದು ರೈಲಿನಲ್ಲಿ. ಆ ರಸ್ತೆಗಳ ಮುಖ್ಯ ಕೆಲಸ ಕಾಣಿಸಿಕೊಳ್ಳುವುದಾಗಿತ್ತು. ಪೋಸ್ಟರು, ಸಿನಿಮಾ, ಅಂಚೆಚೀಟಿ, ಚಿತ್ರಕಾರರ ಕ್ಯಾನ್ವಾಸು ಎಲ್ಲೆಲ್ಲೂ ರಸ್ತೆಯೇ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್‌ಗೆ ಹೋಗುವ ಹೆದ್ದಾರಿಯನ್ನು ನೋಡಿ. ಇರ್ಷೆನ್‌ಬೆರ್ಗ್ ಎಂಬ ಗುಡ್ಡದ ಮೇಲೆ ಅದನ್ನು ಹತ್ತಿಸಿದ್ದು ಅಲ್ಲಿಂದ ಆಲ್ಪ್ಸ್ ಪರ್ವತ ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೆ. ಇಂದಿಗೂ ಲಾರಿಗಳು ಆ ಏರಿನಲ್ಲಿ ಏದುಸಿರು ಬಿಡುತ್ತವೆ. ರಜಾದಿನಗಳಲ್ಲಿ ಮೈಲುಗಟ್ಟಲೆ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಜನ ಓಡಾಡಲೆಂದು ಮಾಡಿದ ಕೊಲೋನ್–ಬಾನ್ ರಸ್ತೆ ಬಯಲಿನಲ್ಲಿ ನೆಟ್ಟಗೆ ಹೋಗುತ್ತದೆ. ಜನ ನೋಡಿ ಬೆರಗಾಗಲೆಂದು ಮಾಡಿದ ರಸ್ತೆ ಗುಡ್ಡ ಹತ್ತುತ್ತದೆ.

ಕೊನೆಯ ಪ್ರಶ್ನೆಯೇ ಅತ್ಯಂತ ಕಷ್ಟದ್ದು. ಯುದ್ಧ ಶುರುವಾಗಿ ಜರ್ಮನ್ ಕೂಲಿಗಳು ಸೈನ್ಯಕ್ಕೆ ಹೋದ ಮೇಲೆ ಸಲಿಕೆ ಹಿಡಿದವರು ಯಾರು? ಓಡರ್ ನದಿಯ ದಂಡೆಯಲ್ಲಿರುವ ಇನ್ನೊಂದು ಫ್ರಾಂಕ್‌ಫರ್ಟಿನಿಂದ ಪೋಲೆಂಡಿನ ಪೋಜ್ನಾನ್ ಕಡೆಗೆ ಆಟೋಬಾನ್ ಎಳೆಯಲು ದಾರಿಯುದ್ದಕ್ಕೂ ಶಿಬಿರಗಳನ್ನು ಹಾಕಿದರು. 1940ರ ಕೊನೆಯಿಂದ ಆ ಶಿಬಿರಗಳಿಗೆ ಯಹೂದಿ ಗಂಡಸರನ್ನು ತಂದು ತುಂಬಿದರು. ಅವರಲ್ಲಿ ಬಹಳಷ್ಟು ಮಂದಿ ಲೋಡ್ಝ್ ನಗರದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಿಂದ ಬಂದವರು. ಅರೆಹೊಟ್ಟೆ, ಹರಕು ಬಟ್ಟೆ, ಹೊಡೆತ, ಚಳಿ. ಸತ್ತವರು ಸತ್ತರು. ಮುಂದೆ ಶಿಬಿರಗಳನ್ನು ಮುಚ್ಚಿದಾಗ ಉಳಿದವರಲ್ಲಿ ಅನೇಕರನ್ನು ಆಶ್ವಿಟ್ಜ್‌ಗೆ ಸಾಗಿಸಿದರು. ಆ ಆಟೋಬಾನ್ ಯುದ್ಧಕಾಲದಲ್ಲಿ ಮುಗಿಯಲೇ ಇಲ್ಲ. "ಹಿಟ್ಲರ್ ಕೊಲೆಗಡುಕ, ಆದರೆ ರಸ್ತೆ ಮಾಡಿದ" ಎನ್ನುವಾಗ ನಮ್ಮ ಮೇಷ್ಟ್ರು ಕೊಲೆಯನ್ನು ಒಂದು ತಟ್ಟೆಯಲ್ಲೂ ರಸ್ತೆಯನ್ನು ಇನ್ನೊಂದು ತಟ್ಟೆಯಲ್ಲೂ ಇಟ್ಟು ತೂಗುತ್ತಾರೆ. ಇಲ್ಲಿ ಕೊಲೆ ನಡೆದದ್ದು ರಸ್ತೆಯ ಮೇಲೆಯೇ. ತೂಗಲು ಎರಡು ತಟ್ಟೆಗಳೆಲ್ಲಿವೆ?

"ಇವತ್ತಿಗೂ ಅವನು ಮಾಡಿದ ರಸ್ತೆಯಲ್ಲೇ ಓಡಾಡುತ್ತಾರೆ" ಎಂಬ ಮಾತಿಗೂ ಲೆಕ್ಕ ಕೊಟ್ಟುಬಿಡೋಣ. ಯುದ್ಧ ಮುಗಿದು ದೇಶ ಎರಡಾದ ಮೇಲೆ, 1950ರಲ್ಲಿ ಪಶ್ಚಿಮ ಜರ್ಮನಿಯ ಪಾಲಿಗೆ ಉಳಿದಿದ್ದ ಆಟೋಬಾನ್ ಸುಮಾರು 2,100 ಕಿಲೋಮೀಟರ್. ಒಂದಾದ ಜರ್ಮನಿಯಲ್ಲಿ ಇಂದು ಇರುವುದು 13,000 ಕಿಲೋಮೀಟರಿಗೂ ಹೆಚ್ಚು. ನಡುವಿನ ರಸ್ತೆಯನ್ನೆಲ್ಲ ಮಾಡಿದವರು ಓಟು ಹಾಕಿಸಿಕೊಂಡು ಬಂದ, ಪತ್ರಿಕೆಗಳಲ್ಲಿ ಬೈಸಿಕೊಂಡ, ಸೋತಾಗ ಮನೆಗೆ ಹೋದ ಸರ್ಕಾರಗಳು. ಅವರ ಹೆಸರು ಯಾರಿಗೂ ನೆನಪಿಲ್ಲ. ನೆನಪಿರಬೇಕಾಗಿಯೂ ಇಲ್ಲ, ಜನರ ದುಡ್ಡಿನಲ್ಲಿ ಜನರಿಗೆ ರಸ್ತೆ ಮಾಡಿದ್ದಕ್ಕೆ ಜೈಕಾರ ಕೇಳದಿರುವುದೇ ಪ್ರಜಾಪ್ರಭುತ್ವದ ಮರ್ಯಾದೆ. ಆದರೆ ಆ ಮರ್ಯಾದೆಗೆ ಒಂದು ಬೆಲೆ ಇದೆ. ಹೆಸರು ಬರೆಸಿಕೊಳ್ಳದವನ ಕೆಲಸ ಹೆಸರು ಬರೆಸಿಕೊಂಡವನ ಖಾತೆಗೆ ಜಮೆಯಾಗುತ್ತದೆ.

ಅಡೆನಾವರ್ ಅವರ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. 1949ರಲ್ಲಿ ಅವರು ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದರು, ಬಾನ್ ರಾಜಧಾನಿಯಾಯಿತು. ಅವರೇ ಮುಂದೆ ನಿಂತು ಮಾಡಿಸಿದ್ದ ರಸ್ತೆಯಲ್ಲಿ ಮಂತ್ರಿಗಳೂ ರಾಯಭಾರಿಗಳೂ ಎಷ್ಟು ವೇಗವಾಗಿ ಓಡಾಡಿದರೆಂದರೆ, ಜನ ಅದಕ್ಕೆ 'ರಾಯಭಾರಿಗಳ ರೇಸ್ ದಾರಿ' ಎಂದು ಹೆಸರಿಟ್ಟರು. ಆದರೂ ನಾತ್ಸಿಗಳು ಕಿತ್ತುಕೊಂಡ ಆಟೋಬಾನ್ ದರ್ಜೆ ಆ ರಸ್ತೆಗೆ ವಾಪಸು ಬಂದದ್ದು 1958ರಲ್ಲಿ. ಸುಳ್ಳು ಹೇಳಿದವರು ಹೋಗಿ ಹದಿಮೂರು ವರ್ಷಗಳಾಗಿದ್ದವು. ಸುಳ್ಳನ್ನು ದಾಖಲೆಗೆ ಸೇರಿಸಲು ಒಂದು ಸಹಿ ಸಾಕು, ತೆಗೆಯಲು ತಲೆಮಾರು ಬೇಕು.

ಜರ್ಮನಿಯಲ್ಲೇ ಈ ಸುಳ್ಳು ಇನ್ನೂ ಸತ್ತಿಲ್ಲ. 2007ರ ಅಕ್ಟೋಬರಿನಲ್ಲಿ ಅಲ್ಲಿನ ಹೆಸರಾಂತ ಟಿವಿ ನಿರೂಪಕಿ ಏವಾ ಹೆರ್ಮಾನ್ ಒಂದು ಚರ್ಚೆಯಲ್ಲಿ, ಆಗ ಆಟೋಬಾನ್‌ಗಳನ್ನೂ ಕಟ್ಟಲಾಯಿತು, ಇಂದು ನಾವು ಅವುಗಳ ಮೇಲೆ ಓಡಾಡುತ್ತೇವೆ ಎಂಬರ್ಥದ ಮಾತಾಡಿದರು. ನಿರೂಪಕರು ಅವರನ್ನು ಕಾರ್ಯಕ್ರಮದಿಂದ ಹೊರಗೆ ಕಳಿಸಿದರು. ಅಷ್ಟು ಸಣ್ಣ ಮಾತಿಗೆ ಅಷ್ಟೊಂದು ಸಿಟ್ಟೇಕೆ ಎಂದು ನಮಗೆ ಅನ್ನಿಸಬಹುದು. 'ಆದರೆ ರಸ್ತೆ' ಎಂಬ ಆ ಸಣ್ಣ ಮಾತು ಎಷ್ಟು ದೊಡ್ಡ ಬಾಗಿಲನ್ನು ತೆರೆಯುತ್ತದೆ ಎಂಬುದು ಅಲ್ಲಿಯವರಿಗೆ ಮನೆಮಂದಿಯನ್ನು ಕಳೆದುಕೊಂಡು ಗೊತ್ತಾಗಿದೆ. ನಮ್ಮಲ್ಲಿ ಹಿಟ್ಲರನ ಆತ್ಮಕಥೆ ಪುಸ್ತಕದಂಗಡಿಗಳಲ್ಲಿ ಯಶಸ್ಸಿನ ಸೂತ್ರ ಹೇಳುವ ಪುಸ್ತಕಗಳ ಪಕ್ಕದಲ್ಲಿ ಕೂತು ಮಾರಾಟವಾಗುತ್ತದೆ. ಕೊಳ್ಳುವ ಹುಡುಗರು ಯಹೂದಿದ್ವೇಷಿಗಳೇನಲ್ಲ. ಅವರಿಗೂ ಯಾರೋ ಮೇಷ್ಟ್ರು ರಸ್ತೆಯ ಕಥೆ ಹೇಳಿರುತ್ತಾರೆ.

"ಅಂಥವನೊಬ್ಬ ಬೇಕು" ಎನ್ನುವವರು ಯಾವಾಗಲೂ ತಮ್ಮನ್ನು ಆ ರಸ್ತೆಯಲ್ಲಿ ಓಡುವ ಕಾರಿನೊಳಗೆ ಕೂರಿಸಿಕೊಂಡೇ ಕನಸು ಕಾಣುತ್ತಾರೆ. ಷೆಡ್ಡಿನಲ್ಲಿ ಮಲಗಿದ ಕೂಲಿಯ ಜಾಗದಲ್ಲಿ, ಚೀಟಿ ಕಟ್ಟಿ ಮೋಸಹೋದ ಗುಮಾಸ್ತನ ಜಾಗದಲ್ಲಿ, ಶಿಬಿರದಲ್ಲಿ ಸಲಿಕೆಗೆ ಆತು ನಿಂತ ಯಹೂದಿಯ ಜಾಗದಲ್ಲಿ ತಮ್ಮನ್ನು ಇಟ್ಟು ನೋಡುವುದಿಲ್ಲ. ಕಾರಿನಲ್ಲಿ ಕೂರುವವರು ಎಷ್ಟು ಜನ, ಸಲಿಕೆ ಹಿಡಿಯುವವರು ಎಷ್ಟು ಜನ ಎಂಬ ಲೆಕ್ಕ ಗೊತ್ತಿದ್ದೂ ನಾವೆಲ್ಲ ಕಾರಿನ ಕನಸನ್ನೇ ಕಾಣುತ್ತೇವೆ. ಸರ್ವಾಧಿಕಾರಿಗಳು ಬದುಕುವುದು ಈ ಕನಸಿನ ಮೇಲೆ.

ಹೊಂಡ ಬಿದ್ದ ರಸ್ತೆಯ ಬಗ್ಗೆ ಮೇಷ್ಟ್ರಿಗಿರುವ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟನ್ನು ಅವರು ಪಂಚಾಯಿತಿಯಲ್ಲಿ, ಪತ್ರಿಕೆಯಲ್ಲಿ, ಮತಗಟ್ಟೆಯಲ್ಲಿ ತೋರಿಸಲಿ, ನಾವೂ ಜೊತೆಗಿರುತ್ತೇವೆ. ಒಬ್ಬ ಮೇಯರ್, ಒಂದು ಪ್ರಾಂತದ ಆಡಳಿತ, ಐದು ಸಾವಿರ ಕೂಲಿಗಳು ಸೇರಿ ಯಾರ ಪ್ರಾಣವನ್ನೂ ಕೇಳದೆ ಅಂಥ ರಸ್ತೆ ಮಾಡಬಹುದೆಂದು ಕೊಲೋನ್ ಮತ್ತು ಬಾನ್ ನಡುವೆ ಒಮ್ಮೆ ತೋರಿಸಿಕೊಟ್ಟಾಗಿದೆ. ಮುಂದಿನ ಸಲ ನಿಮ್ಮ ಊರಿನ ಚಹಾದಂಗಡಿಯಲ್ಲಿ ಯಾರಾದರೂ "ಏನೇ ಆಗಲಿ, ಹಿಟ್ಲರ್ ರಸ್ತೆ ಮಾಡಿದ" ಎಂದರೆ ನಮ್ಮ ಹಾಗೆ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಬೇಡಿ. ಬಸ್ಸು ಹೋದರೆ ಹೋಗಲಿ. "ಯಾವ ರಸ್ತೆ, ಮೇಷ್ಟ್ರೆ?" ಎಂದು ಕೇಳಿ, ಇನ್ನೊಂದು ಚಹಾ ಹೇಳಿ, ಕೂತು ಮಾತಾಡಿ.